ತೇಲಬೇಕಿದ್ದ ಹಗ್ಗ

"ಬಸ್ ಮಾಡ್ರಿ ನಿಮ್ಮ ನಾಟಕಾ! ಹೊರಗ ಬರ್ರಿ ಇಬ್ರೂ!"

ಫೌಜದಾರ ಮನೀಷಾ ಬಿರಾಜದಾರ ಕೂಗಿದ ಕೂಗಿಗೆ ದಾಳಿಂಬೆ ಗಿಡದಲ್ಲಿದ್ದ ಗಿಳಿಗಳು ಕೂಡ ಎದ್ದು ಹಾರಿದವು. ನೀರಿನಲ್ಲಿ ಮುಳುಗಿ ಏಳುತ್ತಿದ್ದ ಇಬ್ಬರು ಈಜುಗಾರರು ಕಣ್ಣು ಕಣ್ಣು ಬಿಟ್ಟು ದಂಡೆಯ ಕಡೆ ನೋಡಿದರು. ಬೆಳಗಿನಿಂದ ಅವರು ತಳದ ಕೆಸರಿಗೆ ಕೊಕ್ಕೆ ಹಾಕಿ ಕೆದಕುತ್ತಲೇ ಇದ್ದರು. ಸಿಕ್ಕಿದ್ದು ಒಂದು ಹಳೆಯ ಚಪ್ಪಲಿ ಮತ್ತು ತೂತು ಬಿದ್ದ ಒಂದು ಕೊಡ.

"ಏನ್ ಹುಡುಕಾಕತ್ತೀರಿ ಕಾಕಾ, ತಳದಾಗ?"

"ಹಗ್ಗಾರಿ ಮ್ಯಾಡಮ್." ಹವಾಲ್ದಾರ ರಾಚಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ಸಾಹೇಬ್ರ ಹುಕುಂ ಐತಿ. ಭೀಮಶಾ ಹಗ್ಗಾ ಕೊಯ್ದು ನೀರಾಗ ಒಗದಾನ, ಅದನ್ನ ತಗದು ಪಂಚನಾಮಾ ಮಾಡ್ರಿ ಅಂದಾರ."

"ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ ಆತು!"

ಮೊನ್ನೆ ಮಧ್ಯಾಹ್ನ ಇದೇ ನೀರಿನಲ್ಲಿ ಕೈಲಾಸ ಮುಳುಗಿ ಸತ್ತಿದ್ದ. ಹೆಣವನ್ನು ಎಳೆದು ದಂಡೆಗೆ ಹಾಕಿದ ಅವನ ಅಣ್ಣ ಭೀಮಶಾನನ್ನೇ ಕೊಲೆಗಾರನೆಂದು ಲಾಕಪ್ಪಿಗೆ ತಳ್ಳಿದ್ದರು. ಹಿಂದಿನ ದಿನ ಅಣ್ಣತಮ್ಮಂದಿರು ನೀರಿನ ಪಾಳಿಗಾಗಿ ಜಗಳವಾಡಿದ್ದರಂತೆ. "ನಿನ್ನ ಇದೇ ನೀರಾಗ ಮುಳುಗಸ್ತೀನಿ" ಎಂದು ಭೀಮಶಾ ನಾಲ್ಕು ಜನರ ಮುಂದೆ ಅಂದಿದ್ದನಂತೆ. ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಇವತ್ತು ಸಂಜೆ ಅವನನ್ನು ಕೋರ್ಟಿಗೆ ಒಯ್ದರೆ ಅಲ್ಲಿಂದ ನೇರ ಜೈಲಿಗೆ.

ಹೊಲದಲ್ಲಿ ಅಗಲವಾಗಿ ತೋಡಿ, ಒಳಗೆಲ್ಲ ದಪ್ಪ ಕರಿ ಪ್ಲಾಸ್ಟಿಕ್ ಹಾಸಿ ನೀರು ಹಿಡಿದಿಡುವ ಈ ಹೊಂಡಕ್ಕೆ ದುಧನಿ, ಅಕ್ಕಲಕೋಟದ ಕಡೆ ಶೇತತಳೆ ಎನ್ನುತ್ತಾರೆ. ಹಾಸಿದ ಪ್ಲಾಸ್ಟಿಕ್ಕಿಗೆ ಊರವರ ಹೆಸರು ಕಾಗದ. ಕಾಗದವಂತೆ ಕಾಗದ! ಪಾಚಿ ಹಿಡಿದರೆ ಅದರ ಮೇಲೆ ಬೆಕ್ಕು ಕೂಡ ನಿಲ್ಲಲಾರದು. ಈಜು ಬಲ್ಲವನೂ ಬಿದ್ದರೆ ಇಳಿಜಾರು ಹತ್ತಲಾಗದೆ, ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾನೆ. ಅದಕ್ಕೇ ಬುದ್ಧಿಯಿದ್ದ ಒಕ್ಕಲಿಗ ದಂಡೆಯ ಮೇಲೆ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನೀರಿನ ತನಕ ಇಳಿಬಿಟ್ಟಿರುತ್ತಾನೆ. ಬಿದ್ದವನು ಗಂಟು ಹಿಡಿದು ಮೇಲೆ ಬರಬೇಕು.

ಭೀಮಶಾ ಅಂಥ ಬುದ್ಧಿವಂತನೇ. ಗೂಟವೂ ಇತ್ತು, ಗಂಟೂ ಇತ್ತು. ಆದರೆ ಹಗ್ಗ ಇಳಿಜಾರಿನ ಅರ್ಧಕ್ಕೇ ಮುಗಿದಿತ್ತು. ಅದರ ತುದಿಯಿಂದ ಗೇಣು ಕೆಳಗೆ, ಹಸಿರು ಪಾಚಿಯ ಮೇಲೆ ಹತ್ತು ಬೆರಳು ಕೆರೆದ ಗೆರೆಗಳು ಒಣಗಿ ನಿಂತಿದ್ದವು. ಆ ಗೆರೆಗಳನ್ನು ನೋಡಿದ ಹೊತ್ತಿನಿಂದ ಮನೀಷಾಳಿಗೆ ಅನ್ನ ಸೇರಿರಲಿಲ್ಲ.

ಅವಳು ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಹಗ್ಗದಿಂದ ಒಂದು ಎಳೆ ಕಿತ್ತು ನೀರಿಗೆ ಎಸೆದಳು. ಹಳದಿ ಎಳೆ ನೀರಿನ ಮೇಲೆ ಆರಾಮಾಗಿ ಮಲಗಿತು.

"ನೋಡ್ರಿ ಕಾಕಾ. ಇದು ಹತ್ತಿ ಹಗ್ಗಲ್ಲ, ನೈಲಾನ್ ಸುದ್ದಾ ಅಲ್ಲ. ನೈಲಾನ್ ಮುಳಗತೈತಿ. ಇದು ಪಾಲಿಪ್ರೊಪಿಲಿನ್. ನೀರಿಗಿಂತ ಹಗುರ. ಒಗದಿದ್ರ ಇಲ್ಲೇ ಮ್ಯಾಲೆ ತೇಲತಿತ್ತು. ಇಲ್ಲ ಅಂದ್ರ?"

ರಾಚಪ್ಪ ತಲೆ ಕೆರೆದುಕೊಂಡ. "ಕಲ್ಲು ಕಟ್ಟಿ ಒಗದಿದ್ರರಿ?"

"ಕಲ್ಲು ಕಟ್ಟಿದ್ರ ಮುಂಜಾನಿಂದ ಇವ್ರ ಕೊಕ್ಕಿಗೆ ಸಿಗಬೇಕಿತ್ತಲ್ಲ. ಹಗ್ಗಾ ಇಲ್ಲಿ ಇಲ್ಲ. ಯಾರೋ ಒಯ್ದಾರ. ಭೀಮಶಾ ತಮ್ಮನ ಹೆಣಾ ತಬ್ಬಕೊಂಡು ಇಲ್ಲೇ ಕೂತಿದ್ದ, ಇಲ್ಲಿಂದನ ನೀವು ಅವನ್ನ ಒಯ್ದ್ರಿ. ಅಂವ ಹಗ್ಗಾ ಯಾವಾಗ ಒಯ್ದ, ಎಲ್ಲಿಗೆ ಒಯ್ದ?"

ಗೂಟದಲ್ಲಿ ಉಳಿದ ತುಂಡನ್ನು ಕೊಯ್ದುಕೊಳ್ಳಲು ರಾಚಪ್ಪ ಚಾಕು ತೆಗೆದ.

"ಕೊಯ್ಯಬ್ಯಾಡ್ರಿ! ಗಂಟು ಬಿಚ್ಚಿ ತಗೀರಿ. ತುದಿ ಮುಟ್ಟಬ್ಯಾಡ್ರಿ."

ಬಿಸಿಲಿಗೆ ಜೀರ್ಣವಾಗಿ ಹರಿದ ಹಗ್ಗದ ತುದಿ ಪೊರಕೆಯಂತೆ ಕೆದರಿರುತ್ತದೆ. ಚಾಕುವಿನಿಂದ ಕೊಯ್ದ ತುದಿಯೂ ಗಾಳಿಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಈ ತುದಿ ಹಾಗಿರಲಿಲ್ಲ. ಬೆಂಕಿ ತೋರಿಸಿ ಕರಗಿಸಿದ್ದರು. ಎಳೆಗಳೆಲ್ಲ ಕೂಡಿ ಕಡಲೆಕಾಳಿನಷ್ಟು ಗಟ್ಟಿ ಗುಂಡಾಗಿದ್ದವು. ಬಿಸಿ ಇರುವಾಗಲೇ ಒತ್ತಿದ್ದರಿಂದ ಗುಂಡಿನ ಒಂದು ಮಗ್ಗುಲು ಚಪ್ಪಟೆಯಾಗಿತ್ತು.

ಸೋಲಾಪುರದ ಪೇಟೆಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೀಷಾಳ ಅಪ್ಪ ಚಾದರದ ಅಂಗಡಿಯಲ್ಲಿ ಮಾಲು ತೋರಿಸುವವನು. ಹೊಸ ಚಾದರ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತಿದ್ದ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಊದಿದರೆ ಹಾರುವ ಬೂದಿ. ಪಾಲಿಯೆಸ್ಟರ್ ಆದರೆ ಮುದುಡಿ, ತೊಟ್ಟಿಕ್ಕಿ, ಗಟ್ಟಿ ಮಣಿಯಾಗಿ ಕುಳಿತುಬಿಡುತ್ತದೆ. "ಸುಟ್ರ ಖರೇ ಜಾತಿ ಹೇಳತೈತಿ" ಎನ್ನುತ್ತಿದ್ದ ಅಪ್ಪ.

ಮನೀಷಾ ಮೊಬೈಲಿನ ಕ್ಯಾಮೆರಾವನ್ನು ತುದಿಯ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದಳು. ಚಪ್ಪಟೆಯಾದ ಮಗ್ಗುಲಿನಲ್ಲಿ ಸಣ್ಣ ಸಣ್ಣ ಬಾಗಿದ ಗೆರೆಗಳಿದ್ದವು. ಉಗುಳು ಹಚ್ಚಿದ ಹೆಬ್ಬೆರಳಿನಿಂದ ಯಾರೋ ಅದನ್ನು ಒತ್ತಿದ್ದರು.

"ಕಾಕಾ, ಒಕ್ಕಲಿಗರು ಹಗ್ಗಾ ಕೊಯ್ದ್ರ ತುದಿಗೆ ಏನ್ ಮಾಡ್ತಾರ?"

"ಗಂಟು ಹಾಕ್ತಾರ್ರಿ. ಮತ್ತೇನ್ ಮಾಡ್ತಾರ?"

"ಕಡ್ಡಿ ಗೀರಿ ಸುಟ್ಟು, ಹೆಬ್ಬಟ್ಲೆ ಒತ್ತಿ?"

"ಅದು ನಮ್ಮ ಸೋಲಾಪುರದ ಸೂತು, ಹಗ್ಗಾ ಮಾರೋ ಮಂದಿ ಚಾಳಿರಿ. ಅಂಗಡಿಯವ್ರು ಮಾಡ್ತಾರ." ಹೇಳುತ್ತ ಹೇಳುತ್ತಲೇ ರಾಚಪ್ಪನ ಬಾಯಿ ತೆರೆದೇ ಉಳಿಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇಲ್ಲಿ ಸುಟ್ಟದ್ದರಿಂದಲೇ ಗುಣ ಗೊತ್ತಾಗಿತ್ತು.

ಅಷ್ಟರಲ್ಲಿ ಮನೆಯ ಕಡೆಯಿಂದ ಗಂಗುಬಾಯಿ ಓಡುನಡಿಗೆಯಲ್ಲಿ ಬಂದಳು. ಕೈಲಾಸ, ಭೀಮಶಾ ಇಬ್ಬರನ್ನೂ ಹೆತ್ತವಳು. ಸೆರಗು ನೆಲಕ್ಕೆ ಬಿದ್ದದ್ದೂ ಅವಳಿಗೆ ಗೊತ್ತಿರಲಿಲ್ಲ.

"ಬಾಯಿ, ಒಬ್ಬಾವ ಮಣ್ಣಾಗ ಹ್ವಾದ. ಇನ್ನೊಬ್ಬಾವನ್ನ ನೀವು ಒಯ್ದೀರಿ. ನಾ ಯಾರ ಮಾರಿ ನೋಡ್ಲಿ? ಭೀಮಶಾ ಬಾಯಿ ಹರಕ ಇದ್ದಾನ, ಖರೇ. ಆದ್ರ ಈ ಹಗ್ಗಕ್ಕ ಒಂದೊಂದ ಗಂಟು ಹಾಕಿದಾವ ಅವನ. ತಮ್ಮಗ ಈಸು ಬಂದ್ರೂ ಕಾಗದಾ ಜಾರತೈತಿ ಅಂತ ಅಂಜಿ ಕಟ್ಟ್ಯಾನ. ಕಟ್ಟಿದ ಕೈ ಕೊಯ್ತೈತೇನ?"

ಮನೀಷಾ ಅವಳ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಸಿಟ್ಟನ್ನಷ್ಟೇ ಹೊರಗೆ ಬಿಟ್ಟಳು.

"ಆಯಿ, ಸಂಜಿಯೊಳಗ ನಿಮ್ಮ ಮಗನ್ನ ಮನಿಗೆ ಕಳಸ್ತೀನಿ. ಇದು ನನ್ನ ಮಾತು."

ಇಂಥ ಮಾತು ಪೊಲೀಸರು ಕೊಡಬಾರದು. ಕೊಟ್ಟುಬಿಟ್ಟಿದ್ದಳು.

ಹೊರಡುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದಳು. ದಂಡೆಯ ಮೇಲೆ ಬಿಸಿಲಿಗೆ ಬಿದ್ದ ಕಾಗದವನ್ನು ಮಡಚಿದಳು. ಅದು ಹಪ್ಪಳದಂತೆ ಪಟ್ಟನೆ ಸೀಳಿತು. ಕೈಲಾಸ ಬಿದ್ದದ್ದು ಇಲ್ಲೇ; ಕತ್ತರಿಯಿಂದ ಕಾಗದದ ತುಂಡೊಂದನ್ನು ಕತ್ತರಿಸುತ್ತಿದ್ದಾಗ. ಅರ್ಧ ಕತ್ತರಿಸಿದ ಆ ತುಂಡಿನ ಪಕ್ಕದಲ್ಲೇ ಇನ್ನೊಂದನ್ನು ಮನೀಷಾ ಕತ್ತರಿಸಿಕೊಂಡಳು.

ಕಾಗದ ಮಾರಿದವನು ಗುರುನಾಥ ಶೇಟ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವನ ಕಾರಖಾನೆ, ಅದರ ಮುಂದೆ ಹಗ್ಗದ ಅಂಗಡಿ. ಕೈಲಾಸ ಅಲ್ಲೇ ಮಷೀನು ನೋಡಿಕೊಳ್ಳುತ್ತಿದ್ದ ಡಿಪ್ಲೊಮಾ ಹುಡುಗ. ಶೇಟನ ತಂಗಿ ಪೂನಮಳ ಗಂಡ. ಸಾಯುವ ಹಿಂದಿನ ವಾರವಷ್ಟೇ ಭಾವನ ಜೊತೆ ಜಗಳ ಮಾಡಿ ಕೆಲಸ ಬಿಟ್ಟು ಬಂದಿದ್ದ.

* * *

ಎಂಐಡಿಸಿಯಲ್ಲಿ ಪಕ್ಕದ ಪವರ್‌ಲೂಮುಗಳ ಖಟಖಟಕ್ಕೆ ಗಟ್ಟಿಯಾಗಿ ಮಾತಾಡದಿದ್ದರೆ ಕೇಳಿಸುವುದೇ ಇಲ್ಲ. ಗುರುನಾಥ ಶೇಟ ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಕಾರಖಾನೆಯ ಮುಂದಿನ ಅಂಗಡಿಯಲ್ಲಿ ಮಂಗಳವೇಢೆಯ ಕಡೆಯ ನಾಲ್ಕೈದು ಒಕ್ಕಲಿಗರು ಚಹಾದ ಕಪ್ಪು ಹಿಡಿದು ಅವನ ಉಪದೇಶ ಕೇಳುತ್ತಿದ್ದರು.

"ಬರ್ರಿ ಮ್ಯಾಡಮ್, ಬರ್ರಿ. ಇವ್ರಿಗೆ ಹೇಳಾಕತ್ತಿದ್ದೆ, ಪಾಲಿಮರ್ ಅಂದ್ರ ಏನು. ಮಣಿ ಸರಾ ಇದ್ದಂಗ. ಕಣ್ಣಿಗೆ ಕಾಣದಂಥಾ ಮಣಿ, ಸಾವಿರಗಟ್ಟಲೆ, ಒಂದಕ್ಕೊಂದು ಕೈ ಹಿಡಕೊಂಡು ಉದ್ದಕ ನಿಂತಾವ. ಮಣಿ ಬದ್ಲಿ ಮಾಡ್ರಿ, ಮಾಲು ಬದ್ಲಿ. ಒಂದಕ್ಕ ಡ್ರಿಪ್ ಪೈಪ, ಒಂದಕ್ಕ ಹಗ್ಗಾ, ಮತ್ತೊಂದಕ್ಕ ಸೀರಿ. ಹತ್ತಿ ಸುದ್ದಾ ಅದೇ ಕುಲಾ. ಅದನ್ನ ದೇವ್ರು ನೇಯ್ದಾನ, ಇದನ್ನ ನಾವು ನೇಯ್ತೀವಿ!"

ಒಕ್ಕಲಿಗರು ನಕ್ಕರು. ಮನೀಷಾ ನಗಲಿಲ್ಲ.

"ಆ ಮಣಿ ಸರಾ ಬಿಸಲಾಗ ಏನ್ ಆಗತೈತಿ, ಅದನ್ನೂ ಹೇಳ್ರಿ ಶೇಟ್ರ."

"ಏನ್ ಆಗತೈತಿ?"

"ಬಿಸಲು ಒಂದೊಂದ ಮಣಿ ಹರೀತೈತಿ. ಹರೀಬಾರ್ದು ಅಂದ್ರ ಕಾಡಿಗಿ ಅಂಥಾ ಕರಿ ಪುಡಿ ಬರೋಬ್ಬರಿ ಹಾಕಬೇಕು, ಅದು ಬಿಸಲು ನುಂಗತೈತಿ. ಹೊಸಾ ಮಾಲು ಹಾಕಬೇಕು. ನೀವು ಏನ್ ಹಾಕ್ತೀರಿ?"

"ಏ, ನಮ್ಮ ಮಾಲು ಒಂದ ನಂಬರ್..."

"ಒಂದು ಬಕೀಟು ನೀರು ತರಸ್ರಿ."

ನೀರು ಬಂತು. ಮನೀಷಾ ಮೊದಲು ಅಂಗಡಿಯ ಹಳದಿ ಹಗ್ಗದ ತುಂಡೊಂದನ್ನು ಹಾಕಿದಳು, ತೇಲಿತು. ಎದುರಿನ ಗೋಡೆಗೆ ನಮೂನೆಗಾಗಿ ತೂಗುಹಾಕಿದ್ದ ಹೊಳೆಯುವ ಕಾಗದದಿಂದ ಒಂದು ಚೂರು ಹಾಕಿದಳು, ಅದೂ ತೇಲಿತು. ಆಮೇಲೆ ಭೀಮಶಾನ ದಂಡೆಯಿಂದ ತಂದ ತುಂಡನ್ನು ಹಾಕಿದಳು. ಅದು ಒಂದು ಕ್ಷಣ ತಡೆದು, ಮೂಲೆ ಬಗ್ಗಿಸಿ, ಸೀದಾ ತಳಕ್ಕೆ ಹೋಗಿ ಕುಳಿತಿತು.

ಚಹಾ ಕುಡಿಯುತ್ತಿದ್ದವರೆಲ್ಲ ಬಕೀಟಿನ ಮೇಲೆ ಬಗ್ಗಿದರು.

"ತೋರ್ಸೂದು ತೇಲತೈತಿ, ಕೊಡೂದು ಮುಳಗತೈತಿ! ಯಾಕ ಶೇಟ್ರ? ತೂಕಕ್ಕ ಖಡುವಿನ ಪುಡಿ, ಅಂದ್ರ ಸೀಮಿಸುಣ್ಣ, ತುರಕೀರಿ, ಹಳೇ ಪೈಪು, ಹಳೇ ಚೀಲಾ ಕರಗಿಸಿ ಹಾಕೀರಿ, ಮ್ಯಾಲೆ ಕರಿ ಬಣ್ಣ ಬಳದೀರಿ. ಎರಡು ಬ್ಯಾಸಗಿ ತಡೀಲಿಲ್ಲ. ನೀರು ಸೋರಿ ಹೋಗಿ ಅಣ್ಣತಮ್ಮರು ಹೊಡದಾಡಿದ್ರು. ಒಂದ ಮನಿ ಅನ್ನಾ ಉಂಡವ್ರು!"

ಅವಳ ದನಿ ಲೂಮುಗಳನ್ನೂ ಮೀರಿಸಿತ್ತು. ಒಬ್ಬ ಒಕ್ಕಲಿಗ ಚಹಾದ ಕಪ್ಪನ್ನು ಕುಡಿಯದೆ ಕೆಳಗಿಟ್ಟ. ಇನ್ನೊಬ್ಬ, "ನನಗೂ ಇದ ಮಾಲು ಕೊಟ್ಟಾರ್ರಿ" ಅಂದ. ಗುರುನಾಥನ ಮುಖ ಕೆಂಪೇರಿತು.

"ಮ್ಯಾಡಮ್, ಇದು ನನ್ನ ಅಂಗಡಿ. ಕಾಗದಾ ಸೋರಿದ್ರ ಗ್ರಾಹಕರ ಕೋರ್ಟ ಐತಿ. ನೀವು ಯಾವ ಗುನ್ಹೆ ತಪಾಸ ಮಾಡಾಕ ಬಂದೀರಿ?"

"ನಿಮ್ಮ ತಂಗಿ ಗಂಡನ ಸಾವು. ಕೈಲಾಸ ಕಾಗದದ ತುಂಡು ಕತ್ತರಿಸಿ ಲ್ಯಾಬಿಗೆ ಕೊಡಾಂವ ಇದ್ದ. ನಿಮಗ ಗೊತ್ತಿತ್ತು. ಆವತ್ತ ಮುಂಜಾನಿ ನೀವು ಆ ತೋಟದಾಗ ಇದ್ರಿ. ಇಲ್ಲ ಅನ್ನಬ್ಯಾಡ್ರಿ, ನಿಮ್ಮ ಗಾಡಿ ನೋಡಿದವ್ರು ಅದಾರ."

"ಯಾಕ ಇಲ್ಲ ಅನ್ಲಿ? ಬಾಣಂತನ ಮುಗಿಸಿ ತಂಗೀನ ಗಂಡನ ಮನಿಗೆ ಬಿಡಾಕ ಹೋಗಿದ್ದೆ. ಕೂಸಿನ ತೊಟ್ಲಾ, ಸೀರಿ, ಉಂಡಿ, ಎಲ್ಲಾ ಹೇರಕೊಂಡು. ತವರ ಮನಿ ಅಣ್ಣ ಹೋಗಬಾರ್ದೇನ? ಚಹಾ ಕುಡದೆ, ಬಂದೆ."

"ಒಂದು ಮಾರು ಹಗ್ಗಾ ಕೊಡ್ರಿ."

"ಏನ್ರಿ?"

"ಹಗ್ಗಾರಿ. ಈ ಹಳದಿದು. ನೀವ ಕೊಯ್ದು ಕೊಡ್ರಿ."

ಶೇಟ ಹುಬ್ಬು ಗಂಟಿಕ್ಕಿ ಎದ್ದ. ಸುರುಳಿಯಿಂದ ಮಾರು ಎಳೆದ, ಕತ್ತರಿ ಹಾಕಿದ. ಯಾರೂ ಹೇಳದೆಯೇ ಅವನ ಎಡಗೈ ಜೇಬಿನಿಂದ ಲೈಟರ್ ತೆಗೆಯಿತು. ತುದಿ ಚುರುಗುಟ್ಟಿತು, ನೀಲಿ ಉರಿ ಹಿಡಿಯಿತು, ಮೇಣದ ವಾಸನೆ ಹರಡಿತು. ಮನೀಷಾ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಒತ್ತು. ಉಗುಳು ಹಚ್ಚಿ ಒತ್ತು.

ಗುರುನಾಥ ಕತ್ತರಿಯ ಚಪ್ಪಟೆ ಮಗ್ಗುಲಿನಿಂದ ತುದಿಯನ್ನು ತಟ್ಟಿ ಹಗ್ಗವನ್ನು ಅವಳ ಮುಂದೆ ಒಗೆದ.

"ಹೆಬ್ಬಟ್ಲೆ ಒತ್ತಾಂಗಿಲ್ಲೇನ್ರಿ?"

"ಒತ್ತತಿದ್ದೆ, ಒಂದ ಕಾಲಕ್ಕ." ಅವನು ತನ್ನ ಎರಡೂ ಹೆಬ್ಬೆರಳನ್ನು ಅವಳ ಮುಖದ ಮುಂದೆ ಹಿಡಿದ. ತುದಿಗಳು ಬಿಳುಪಾಗಿ, ನುಣ್ಣಗೆ, ಗೆರೆಯೊಂದೂ ಇಲ್ಲದೆ ಹೊಳೆಯುತ್ತಿದ್ದವು. "ಮಷೀನಿನ ಬಿಸಿ ರೋಲರಿಗೆ ಸಿಕ್ಕಿದ್ವು. ಚರ್ಮಾ ಅಲ್ಲೇ ಉಳೀತು. ಆಧಾರ ಕಾರ್ಡಿಗೂ ಹೆಬ್ಬಟ್ಟು ಬರಾಂಗಿಲ್ಲ ನಂದು. ಯಾಕ?"

ದಾರಿಯುದ್ದಕ್ಕೂ ಮನೀಷಾ ಈ ಮನುಷ್ಯನ ಕೈಗೆ ಬೇಡಿ ತೊಡಿಸಿಯೇ ಬಂದಿದ್ದಳು, ಮನಸ್ಸಿನಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಹಾಳು ಮಾಲು ಮಾರುವವನು, ಎಷ್ಟು ಮನೆಗಳ ನೀರು ಕುಡಿದವನು, ಇವನೇ ಆಗಬೇಕಿತ್ತು ಎಂದು ಅವಳ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಚೀಲದಿಂದ ಪೊಟ್ಟಣ ತೆಗೆದು ಅವನ ಮುಂದೆ ಕುಕ್ಕಿದಳು. ಒಳಗೆ ಗೂಟದಿಂದ ಬಿಚ್ಚಿ ತಂದ ತುಂಡು.

"ನೋಡ್ರಿ. ನಿಮ್ಮ ತಂಗಿ ಗಂಡ ಇದನ್ನ ಹಿಡ್ಯಾಕ ಕೈ ಚಾಚಿ ಚಾಚಿ ಸತ್ತಾನ. ಕಾಗದದ ಮ್ಯಾಲೆ ಉಗುರು ಕೆರದ ಗುರ್ತ ಅದಾವ. ಕೊಯ್ದಾವ ಸುಟ್ಟು ಬೆರಳು ಒತ್ತ್ಯಾನ. ಇದು ಹತ್ತಿ ಆಗಿದ್ರ ಬೂದಿ ಹಾರಿ ಹೋಗತಿತ್ತು. ಪ್ಲಾಸ್ಟಿಕ್ ಮರ್ಯಾಂಗಿಲ್ಲ ಶೇಟ್ರ, ಒತ್ತಿದ ಬೆರಳು ಹಂಗ ಇಟ್ಟಕೋತೈತಿ!"

ಗುರುನಾಥ ಬಗ್ಗಿ ನೋಡಿದ. ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿದ.

ಅವನ ಮುಖದ ಕೆಂಪು ಇಳಿಯಿತು. ಈಗಷ್ಟೇ ದೇವರ ಜೊತೆ ಸರಿಸಮ ನಿಂತು ನೇಯುತ್ತಿದ್ದ ಮನುಷ್ಯ ಗಾದಿಯ ಮೇಲೆ ಕುಸಿದು ಕುಳಿತ.

"ನಾನ ಮಾಡೀನಿ," ಅಂದ.

"ಏನ್?"

"ಹಗ್ಗಾ ನಾನ ಕೊಯ್ದೀನಿ. ಕೈಲಾಸ ನನ್ನ ಧಂದಾ ಮುಳುಗಸ್ತಿದ್ದ. ಬರಕೋರಿ. ಎಲ್ಲಿ ಸಹಿ ಮಾಡ್ಲಿ?"

"ಹಗ್ಗಾ ಎಲ್ಲಿ ಒಯ್ದ್ರಿ?"

"ಸುಟ್ಟೆ."

"ಈ ಬೆರಳ ಗುರ್ತ?"

"ನಂದ."

"ಗೆರೀನ ಇಲ್ಲದ ಬೆರಳಿಂದ?"

"ನಂದ ಅಂತ ಹೇಳಾಕತ್ತೀನಲ್ರಿ!" ಗುರುನಾಥ ಚೀರಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಭೀಮಶಾನ್ನ ಬಿಡ್ರಿ, ನನ್ನ ಒಯ್ಯಿರಿ. ನಿಮಗ ಒಬ್ಬಾವ ಬೇಕಲ್ಲ? ಸಿಕ್ಕೀನಿ. ಇನ್ನ ಮುಂದ ಏನೂ ಕೇಳಬ್ಯಾಡ್ರಿ!"

ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಮನೀಷಾ ದಿನಾ ನೋಡುತ್ತಿದ್ದಳು. ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವವನನ್ನು ನೋಡಿದ್ದು ಇದೇ ಮೊದಲು. ಇಷ್ಟು ಸ್ವಾರ್ಥಿ ಮನುಷ್ಯ ಯಾರಿಗಾಗಿ ಕೊರಳು ಕೊಟ್ಟಾನು? ಹಡೆದವರು ಇಲ್ಲ. ಹೆಂಡತಿ ಆವತ್ತು ತೋಟಕ್ಕೆ ಬಂದಿರಲಿಲ್ಲ. ಉಳಿದವಳು ಒಬ್ಬಳೇ. ಇದೇ ಅಂಗಡಿಯಲ್ಲಿ, ಇದೇ ಹಗ್ಗದ ಸುರುಳಿಗಳ ನಡುವೆ, ಅಣ್ಣ ಮಾಡಿದ್ದನ್ನು ನೋಡಿ ನೋಡಿ ಬೆಳೆದವಳು.

"ಕಾಕಾ, ಇವ್ರನ್ನ ಠಾಣೆಕ್ಕ ಒಯ್ಯಿರಿ. ಸಾಹೇಬ್ರ ಮುಂದ ಕೂಡಸ್ರಿ. ನಾ ತೋಟಕ್ಕ ಹೋಗಿ ಬರ್ತೀನಿ."

"ಮ್ಯಾಡಮ್!" ಗುರುನಾಥ ಕೈ ಮುಗಿದು ಅಡ್ಡ ಬಂದ. "ಅಲ್ಲಿ ಹಸೀ ಕೂಸು ಐತ್ರಿ. ದೇವ್ರಾಣಿ ಅಂತೀನಿ, ಅಲ್ಲಿ ಹೋಗಬ್ಯಾಡ್ರಿ."

ಹೋಗಬೇಡ ಎಂದದ್ದರಿಂದಲೇ ಅವಳ ಅನುಮಾನ ಗಟ್ಟಿಯಾಯಿತು.

* * *

ಜೀಪು ಓಡಿಸುತ್ತ ಮನೀಷಾ ಹಲ್ಲು ಕಡಿಯುತ್ತಿದ್ದಳು. ಪೂನಮಳ ಮೇಲೆ ಸಿಟ್ಟು. ಗಂಡನನ್ನು ಕಳೆದುಕೊಂಡವಳೆಂದು ಒಂದು ಗಟ್ಟಿ ಪ್ರಶ್ನೆಯನ್ನೂ ಕೇಳದೆ ಬಿಟ್ಟ ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಮೊನ್ನೆಯಿಂದ ಪೂನಮ ಒಂದೇ ಒಂದು ಮಾತಾಡಿರಲಿಲ್ಲ. ಗಂಡನ ಅಣ್ಣ ಭೀಮಶಾ ಹೊಡೆತ ತಿನ್ನುತ್ತಿದ್ದರೂ ಮಾತಾಡಿರಲಿಲ್ಲ. ಅದನ್ನು ದುಃಖ ಅಂದುಕೊಂಡಿದ್ದರು ಎಲ್ಲರೂ.

ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಗಂಗುಬಾಯಿ ನೆಲಕ್ಕೆ ಕುಳಿತು ದಾರ ಎಳೆದು ತೊಟ್ಟಿಲು ತೂಗುತ್ತಿದ್ದಳು. ಮನೀಷಾಳನ್ನು ಕಂಡು ಅವಳ ಮುಖದಲ್ಲಿ ಆಸೆ ಮೂಡಿತು.

"ಬರ್ರಿ ಬಾಯಿ. ಸಾವಕಾಶ ಬರ್ರಿ, ಕೂಸು ಈಗ ಕಣ್ಣು ಮುಚ್ಚೇತಿ. ನನ್ನ ಭೀಮಶಾ ಬಂದ್ನೇನ್ರಿ?"

"ಬರ್ತಾನ ಆಯಿ." ಮನೀಷಾ ತೊಟ್ಟಿಲ ಹತ್ತಿರ ಬಂದಳು. ಹೊಸ ತೊಟ್ಟಿಲು, ಹಸಿರು ಕೆಂಪು ಬಣ್ಣ, ನಾಲ್ಕು ಮೂಲೆಗೆ ಮರದ ಗಿಳಿ. ಒಳಗೆ ಮುಷ್ಟಿ ಬಿಗಿದು ಮಲಗಿದ ಮಗು. ಕೈಲಾಸನದೇ ಮೂಗು.

"ಸೊಸಿ ತವರವ್ರು ಕೊಟ್ಟಿದ್ದು," ಗಂಗುಬಾಯಿ ಪಿಸುಗುಟ್ಟಿದಳು. "ತವರ ತೊಟ್ಲಾ ಬಂದ ದಿನಾನ ಕಟ್ಟಿ ತೂಗಬೇಕು, ಬರೇ ನೆಲಕ್ಕ ಇಡಬಾರ್ದು ನಮ್ಮಲ್ಲಿ. ನೋಡಿದ್ರ ಶೇಟ ಎಲ್ಲಾ ತಂದಾನ, ಹಗ್ಗಾನ ಮರತು ಬಂದಾನ! ಹಗ್ಗದ ಅಂಗಡಿ ಮಾಲಕ! ನಾವು ನಕ್ಕಿದ್ದ ನಕ್ಕಿದ್ದು. ಆಮ್ಯಾಲ ಪೂನಮನ ಎಲ್ಲೋ ಹೋಗಿ ಹುಡುಕಿ ತಂದು, ಚಂದಾಗಿ ಕಟ್ಟಿದ್ಲು. ಕೈಲಾಸ ಮಗನ್ನ ಮಲಗಿಸಿ, ಹತ್ತು ಸಲ ತೂಗಿದಾ. ತೂಗಿ ಎದ್ದು, ಕಾಗದಾ ನೋಡಿ ಬರ್ತೀನವ್ವ ಅಂತ ಹೋದಾಂವ..."

ಅವಳ ದಾರ ಎಳೆಯುವ ಕೈ ಮಾತ್ರ ನಿಲ್ಲಲಿಲ್ಲ.

ಮನೀಷಾ ತಲೆ ಎತ್ತಿದಳು.

ತೊಲೆಯಿಂದ ಇಳಿದು ತೊಟ್ಟಿಲನ್ನು ಹೊತ್ತ ಹಗ್ಗ ಹಳದಿ ಬಣ್ಣದ್ದು. ಬಿಸಿಲಿಗೆ ಮಾಸಿದ ಹಳದಿ. ಉದ್ದಕ್ಕೂ ಮೊಳಕ್ಕೊಂದರಂತೆ ಸೊಟ್ಟ ಬಿದ್ದಿತ್ತು, ಹಳೆಯ ಗಂಟುಗಳನ್ನು ಬಿಚ್ಚಿದ ಗುರುತು. ತೊಲೆಯ ಹತ್ತಿರ ಒಂದು ಗಂಟು ಬಿಚ್ಚಲು ಬಾರದೆ ಹಾಗೇ ಉಳಿದಿತ್ತು. ಭೀಮಶಾ ತಮ್ಮನ ಜೀವಕ್ಕೆ ಅಂಜಿ ಹಾಕಿದ ಗಂಟು.

ಇಳಿಬಿಟ್ಟ ತುದಿ ಅವಳ ಕಣ್ಣಿನ ಮಟ್ಟಕ್ಕೇ ಇತ್ತು. ಸುಟ್ಟು, ಗುಂಡಾಗಿ, ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿದ ತುದಿ.

ಅಡುಗೆಮನೆಯ ಬಾಗಿಲಲ್ಲಿ ಪೂನಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಬರಿ ಹಣೆ, ಬರಿ ಕೈ. ಮನೀಷಾಳ ಕಣ್ಣು ಎಲ್ಲಿದೆ ಎಂದು ನೋಡಿದಳು, ಮೇಲಿನಿಂದ ಕೆಳಗಿನ ತನಕ ಹಗ್ಗವನ್ನು ನೋಡಿದಳು. ಅವಳ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿಕೊಂಡಿತು.

ತೊಟ್ಟಿಲು ಬರಿದಾಗಿ ನೆಲದ ಮೇಲೆ ಇರಬಾರದೆಂಬ ಗಡಿಬಿಡಿಯಲ್ಲಿ, ಆ ಹಗ್ಗ ಯಾತಕ್ಕೆ ಎಂದು ತಿಳಿಯದೆ, ಪೇಟೆಯ ಹುಡುಗಿ ಕೊಯ್ದಳೋ? ತಿಳಿದೂ ಕೊಯ್ದಳೋ? ಗಂಡ ಸಂಜೆಯೊಳಗೆ ಕಾಗದ ಕತ್ತರಿಸಲು ಹೋಗುತ್ತಾನೆ, ಹೋದರೆ ಅಣ್ಣನ ಕಾರಖಾನೆ ಮುಳುಗುತ್ತದೆ ಎಂದು ಅವಳಿಗೆ ಗೊತ್ತಿತ್ತೋ?

ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಸಾಹೇಬರು. ಮನೀಷಾ ಕಿವಿಗಿಟ್ಟುಕೊಂಡಳು. ಸಾಹೇಬರ ಗಂಟಲು ದೊಡ್ಡದು; ಆ ಸಣ್ಣ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಷ್ಟು.

"ಶಾಬ್ಬಾಸ್ ಮನೀಷಾ ಮ್ಯಾಡಮ್! ಗುರುನಾಥ ಎಲ್ಲಾ ಒಪ್ಪಿಕೊಂಡು ಸಹಿ ಹಾಕಿದ. ಹೇತು ಇದೆ, ಬರೆದು ಕೊಟ್ಟ ಜಬಾಬ ಇದೆ, ಇನ್ನೇನು ಬೇಕು? ತಪಾಸ ನಿಮ್ಮದು, ನೀವು ಒಂದು ಹೂಂ ಅನ್ನಿ. ಭೀಮಶಾನನ್ನು ಈಗಲೇ ಬಿಡುತ್ತೇನೆ, ಸಂಜೆಯೊಳಗೆ ಮನೆಯಲ್ಲಿರುತ್ತಾನೆ. ಕೇಸು ಮುಗಿಯಿತು."

ಖಡುವಿನ ಪುಡಿ ತುರುಕಿ ಊರೂರಿನ ನೀರು ಸೋರಿಸಿದವನು ತಾನಾಗಿಯೇ ಜೈಲಿಗೆ ಹೋಗಲು ನಿಂತಿದ್ದ. ಕೊಟ್ಟ ಮಾತು ಉಳಿಯುತ್ತಿತ್ತು.

"ಯಾರ್ರಿ ಬಾಯಿ ಫೋನಿನಾಗ?" ಗಂಗುಬಾಯಿ ದಾರ ಹಿಡಿದುಕೊಂಡೇ ಎದ್ದು ನಿಂತಳು. "ನನ್ನ ಭೀಮಶಾನ ಹೆಸರು ತಗೊಂಡ್ರಲ್ಲ. ಬಿಡ್ತಾರಂತೇನ್ರಿ?"

"ಮ್ಯಾಡಮ್? ಕೇಳಿಸುತ್ತಿದೆಯೇ?" ಫೋನಿನಲ್ಲಿ ಸಾಹೇಬರು.

ಪೂನಮ ಬಾಗಿಲಿನಿಂದ ಹೊರಗೆ ಬಂದಳು. ಅತ್ತೆಯ ಕೈಯಿಂದ ತೊಟ್ಟಿಲ ದಾರವನ್ನು ಮೆಲ್ಲಗೆ ಬಿಡಿಸಿಕೊಂಡಳು. ಮಗುವನ್ನು ಒಮ್ಮೆ ತೂಗಿದಳು. ಮೊನ್ನೆಯಿಂದ ಬಾಯಿ ತೆರೆಯದಿದ್ದವಳು ಮನೀಷಾಳ ಕಣ್ಣಲ್ಲಿ ಕಣ್ಣಿಟ್ಟು, ಕೂಸು ಏಳದ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು:

"ಹೂಂ ಅನ್ರಿ ಮ್ಯಾಡಮ್."